ಕದಲದೆ ಮಲಗಿದ ರೋಗಿ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯ ತುರ್ತು ವಿಭಾಗದ ಒಂದು ರಾತ್ರಿಯನ್ನು ಕಣ್ಮುಂದೆ ತಂದುಕೊಳ್ಳಿ. ಅಕ್ಕಪಕ್ಕದ ಎರಡು ಮಂಚಗಳಲ್ಲಿ ಇಬ್ಬರು ಹೊಟ್ಟೆನೋವಿನವರು. ಒಬ್ಬರಿಗೆ ನಿಂತರೂ ಆಗದು, ಕೂತರೂ ಆಗದು. ಹೊರಳಾಡುತ್ತಾರೆ, ಕಿರುಚುತ್ತಾರೆ, ಎದ್ದು ಓಡಾಡುತ್ತಾರೆ, ಮತ್ತೆ ಬಂದು ಬೀಳುತ್ತಾರೆ. ಇನ್ನೊಬ್ಬರು ಮೊಣಕಾಲು ಮಡಚಿಕೊಂಡು ಅಂಗಾತ ಮಲಗಿದ್ದಾರೆ. ಸದ್ದಿಲ್ಲ. ಉಸಿರನ್ನೂ ಮೇಲುಮೇಲೆ, ಅಳೆದು ತೂಗಿ ಎಳೆದುಕೊಳ್ಳುತ್ತಿದ್ದಾರೆ. ಹೋಗುವವರ ಕಾಲು ಮಂಚಕ್ಕೆ ತಾಗಿದರೆ ಸಾಕು, ಮುಖ ಹಿಂಡಿಕೊಳ್ಳುತ್ತಾರೆ. ನೋಡಿದವರೆಲ್ಲ ಮೊದಲನೆಯವರ ಕಡೆ ಓಡುತ್ತಾರೆ. ನಾನು ಹೋಗುವುದು ಎರಡನೆಯವರ ಬಳಿಗೆ.

ಹೊರಳಾಡುವವರಿಗೆ ಬಹುಪಾಲು ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡಿರುತ್ತದೆ. ಆ ನೋವು ಸಣ್ಣದಲ್ಲ, ಅನುಭವಿಸಿದವರನ್ನು ಕೇಳಿ. ಆದರೆ ಚುಚ್ಚುಮದ್ದಿಗೆ ಅದು ತಗ್ಗುತ್ತದೆ, ಆ ರಾತ್ರಿಯೇ ಅದರಿಂದ ಪ್ರಾಣ ಹೋಗುವುದು ಅಪರೂಪ. ಕದಲದೆ ಮಲಗಿದವರ ಹೊಟ್ಟೆಯೊಳಗೆ ಎಲ್ಲೋ ತೂತು ಬಿದ್ದಿರಬಹುದು, ಕೀವು ಒಡೆದು ಹರಡಿರಬಹುದು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ಮಾತು. ದೊಡ್ಡವರ ಹೊಟ್ಟೆಯ ತುರ್ತು ಕಾಯಿಲೆಗಳಲ್ಲಿ ಯಾರು ಉಳಿಯುತ್ತಾರೆ ಎಂಬುದು ಬಹುಮಟ್ಟಿಗೆ ನಾವು ಚಾಕು ಕೈಗೆತ್ತಿಕೊಳ್ಳುವ ಮೊದಲೇ ತೀರ್ಮಾನವಾಗಿರುತ್ತದೆ. ನೋವು ಶುರುವಾದ ಗಳಿಗೆಗೂ ಆಪರೇಷನ್ ಟೇಬಲ್ಲಿಗೂ ನಡುವೆ ಎಷ್ಟು ಗಂಟೆ ಕಳೆಯಿತು, ಆ ಗಂಟೆಗಳಲ್ಲಿ ಏನೇನಾಯಿತು ಅನ್ನುವುದೇ ಅರ್ಧ ಕಥೆ.

ಕದಲದೆ ಮಲಗುವುದು ಯಾಕೆ? ನಮ್ಮ ಹೊಟ್ಟೆಯ ಒಳಗೋಡೆಗೂ ಕರುಳುಗಳ ಮೈಗೂ ತೆಳ್ಳಗಿನ, ಹೊಳೆಯುವ ಒಂದು ಪೊರೆ ಇದೆ. ಪೆರಿಟೋನಿಯಂ ಎನ್ನುತ್ತೇವೆ, ಕನ್ನಡದಲ್ಲಿ ಉದರಪೊರೆ ಎನ್ನಬಹುದು. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ನಮ್ಮ ಚರ್ಮದಷ್ಟೇ ಅಗಲವಾಗುತ್ತದೆ. ಕರುಳಿಗೆ ಅಂಟಿದ ಪೊರೆಗೆ ಕತ್ತರಿಸಿದರೂ ಸುಟ್ಟರೂ ಗೊತ್ತಾಗುವುದಿಲ್ಲ, ಎಳೆದರೆ, ಉಬ್ಬಿದರೆ ಮಾತ್ರ ನೋಯುತ್ತದೆ. ಆ ನೋವಿಗೆ ಇಂಥದ್ದೇ ಜಾಗ ಎಂದಿಲ್ಲ, ಹೊಟ್ಟೆಯ ನಡುಗೆರೆಯಲ್ಲಿ ಎಲ್ಲೋ ಮಂದವಾಗಿ ಕಾಣಿಸಿಕೊಳ್ಳುತ್ತದೆ. ಗೋಡೆಗೆ ಅಂಟಿದ ಪೊರೆಯ ಜಾತಿಯೇ ಬೇರೆ. ಚರ್ಮಕ್ಕಿರುವ ನರಗಳೇ ಅದಕ್ಕೂ ಇವೆ. ಕೀವೋ ಜಠರದ ಆಮ್ಲವೋ ತಾಗಿದರೆ ಬೆರಳಿಟ್ಟು ತೋರಿಸುವಷ್ಟು ಖಚಿತವಾಗಿ ಉರಿಯುತ್ತದೆ. ಅಲುಗಿದರೆ ಪೊರೆ ಉಜ್ಜುತ್ತದೆ, ಕೆಮ್ಮಿದರೆ ಜೀವ ಹೋದಂತಾಗುತ್ತದೆ. ಅದಕ್ಕೇ ರೋಗಿ ಕದಲುವುದಿಲ್ಲ. ಮೈಯೇ ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಪಟ್ಟಿ ಕಟ್ಟಿಕೊಳ್ಳುತ್ತದೆ. ಕೈಯಿಟ್ಟರೆ ಹಲಗೆ ಮುಟ್ಟಿದಂತೆ ಇರುತ್ತದೆ.

ಅಪೆಂಡಿಕ್ಸ್‌ನ ನೋವು ಜಾಗ ಬದಲಿಸುವುದೂ ಇದೇ ಕಾರಣಕ್ಕೆ. ಅಪೆಂಡಿಕ್ಸ್ ಎಂದರೆ ದೊಡ್ಡಕರುಳಿನ ಶುರುವಿನಲ್ಲಿ ಬೆರಳಿನಂತೆ ಜೋತುಬಿದ್ದಿರುವ ಸಣ್ಣ ಕೊಳವೆ. ಮೊದಲು ಹೊಕ್ಕುಳ ಸುತ್ತ ಮಂದ ಸಂಕಟ, ಊಟ ಸೇರದು, ಒಂದೆರಡು ಸಲ ವಾಂತಿ. ಅಪೆಂಡಿಕ್ಸ್‌ನ ಬಾಯಿ ಮುಚ್ಚಿಕೊಂಡು ಒಳಗೆ ಉಬ್ಬುತ್ತಿರುವ ಹೊತ್ತು ಅದು. ಹಲವು ಗಂಟೆಗಳಾದ ಮೇಲೆ ಉರಿಯೂತ ಅದರ ಗೋಡೆ ದಾಟಿ ಪಕ್ಕದ ಉದರಪೊರೆಯನ್ನು ಮುಟ್ಟುತ್ತದೆ. ಆಗ ನೋವು ಬಲಗಡೆ ಕಿಬ್ಬೊಟ್ಟೆಗೆ ಇಳಿದು ಅಲ್ಲೇ ಬೇರೂರುತ್ತದೆ. ಈ ಕಾಯಿಲೆಯ ಮೂಲ ಅಪೆಂಡಿಕ್ಸ್‌ನಲ್ಲೇ ಇದೆ, ಅದನ್ನು ಬೇಗ ತೆಗೆಯಬೇಕು ಎಂದು ಅಮೆರಿಕದ ವೈದ್ಯ ರೆಜಿನಾಲ್ಡ್ ಫಿಟ್ಜ್ ಸ್ಪಷ್ಟವಾಗಿ ಬರೆದದ್ದು 1886ರಲ್ಲಿ. ಒತ್ತಿದರೆ ಎಲ್ಲಿ ಹೆಚ್ಚು ನೋಯುತ್ತದೆ ಎಂಬುದನ್ನು ಅಲ್ಲಿನವರೇ ಆದ ಶಸ್ತ್ರವೈದ್ಯ ಮೆಕ್‌ಬರ್ನಿ 1889ರಲ್ಲಿ ಗುರುತಿಸಿದರು. ಅದಕ್ಕೂ ಮೊದಲು ಜನ ಈ ಕಾಯಿಲೆಯಿಂದ ಹೆಸರೇ ಗೊತ್ತಿಲ್ಲದೆ ಸಾಯುತ್ತಿದ್ದರು. 1902ರ ಜೂನ್‌ನಲ್ಲಿ ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ಎರಡು ದಿನವಿದ್ದಾಗ ಇದೇ ನೋವಿನಲ್ಲಿ ಮಲಗಿದ್ದರು. ಸಮಾರಂಭ ನಿಲ್ಲಿಸಲು ಅವರಿಗೆ ಮನಸ್ಸಿರಲಿಲ್ಲ. ಶಸ್ತ್ರವೈದ್ಯ ಫ್ರೆಡರಿಕ್ ಟ್ರೀವ್ಸ್ ಪಟ್ಟುಹಿಡಿದು ಅರಮನೆಯಲ್ಲೇ ಆಪರೇಷನ್ ಮಾಡಿ ಕೀವು ಹೊರಗೆ ಬಿಟ್ಟರು. ಆಗಸ್ಟ್ 9ಕ್ಕೆ ಪಟ್ಟಾಭಿಷೇಕ ನಡೆಯಿತು. ದೊರೆಯಾದರೂ ಕೀವು ಮುಂದಕ್ಕೆ ದಿನ ಕೊಡುವುದಿಲ್ಲ.

ಆದರೆ ಪುಸ್ತಕದಲ್ಲಿದ್ದಂತೆ ಕಾಯಿಲೆ ಬರುವುದು ಎಲ್ಲರಿಗೂ ಅಲ್ಲ. ಅಪೆಂಡಿಕ್ಸ್ ದೊಡ್ಡಕರುಳಿನ ಹಿಂದೆ ಅಡಗಿದ್ದರೆ ಹೊಟ್ಟೆ ಒತ್ತಿದರೂ ಹೆಚ್ಚು ನೋಯದು, ಬೆನ್ನ ಕಡೆ ಎಳೆಯುತ್ತದೆ. ಕೆಳಗೆ ಇಳಿಬಿದ್ದಿದ್ದರೆ ಭೇದಿಯೋ ಉರಿಮೂತ್ರವೋ ಎಂದು ಮೋಸ ಹೋಗುತ್ತೇವೆ. ವಯಸ್ಸಾದವರದ್ದು ಇನ್ನೂ ಕಷ್ಟ. ಜ್ವರ ಏರುವುದಿಲ್ಲ, ಹೊಟ್ಟೆ ಬಿಗಿಯುವುದಿಲ್ಲ, ರಕ್ತದಲ್ಲಿ ಬಿಳಿಕಣಗಳೂ ಅಷ್ಟಾಗಿ ಹೆಚ್ಚುವುದಿಲ್ಲ. ಸಕ್ಕರೆ ಕಾಯಿಲೆ ಇರುವವರು, ಸ್ಟೆರಾಯ್ಡ್ ಮಾತ್ರೆ ನುಂಗುವವರದ್ದೂ ಹೀಗೇ. ‘ಅಜ್ಜಿಗೆ ಅಂಥ ನೋವೇನಿಲ್ಲ, ಸ್ವಲ್ಪ ಮಂಕಾಗಿದ್ದಾರೆ ಅಷ್ಟೆ’ ಎಂದು ಕರೆತಂದವರ ಹೊಟ್ಟೆಯಲ್ಲಿ ಒಡೆದ ಅಪೆಂಡಿಕ್ಸ್ ಕಂಡಿದ್ದೇನೆ. ಅದಕ್ಕೇ ಅರವತ್ತು ದಾಟಿದವರಿಗೆ ಹೊಸದಾಗಿ ಹೊಟ್ಟೆನೋವು ಬಂದರೆ ಸ್ಕ್ಯಾನ್ ಮಾಡದೆ ‘ಗ್ಯಾಸ್’ ಎಂಬ ಮಾತನ್ನು ನಾನು ಆಡುವುದಿಲ್ಲ.

ಅಪೆಂಡಿಕ್ಸ್‌ಗೆ ಆಪರೇಷನ್ ಬೇಕೇ ಬೇಕೇ ಎಂದು ಈಚೆಗೆ ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಡೆಯದ, ಒಳಗೆ ಗಟ್ಟಿ ಮಲದ ಹರಳಿಲ್ಲದ ಅಪೆಂಡಿಸೈಟಿಸ್‌ಗೆ ಬರೀ ಆಂಟಿಬಯಾಟಿಕ್ ಕೊಟ್ಟು ಫಿನ್ಲೆಂಡಿನಲ್ಲಿ ದೊಡ್ಡ ಪ್ರಯೋಗ ನಡೆಯಿತು. ಐದು ವರ್ಷ ಹಿಂಬಾಲಿಸಿ ನೋಡಿದಾಗ ನೂರರಲ್ಲಿ ಸುಮಾರು 39 ಜನರಿಗೆ ಮತ್ತೆ ನೋವು ಬಂದು ಆಪರೇಷನ್ ಆಗಿತ್ತು. ತಿರುಗಿಸಿ ಓದಿದರೆ 61 ಜನ ಆಪರೇಷನ್ ಇಲ್ಲದೆಯೇ ಇದ್ದರು. ಇದನ್ನು ರೋಗಿಯ ಮುಂದೆ ಇಟ್ಟು ಆಯ್ಕೆ ಅವರಿಗೇ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಸಿಟಿ ಸ್ಕ್ಯಾನ್‌ನಲ್ಲಿ ಹರಳು ಕಂಡರೆ, ಕೀವು ಕಂಡರೆ ಆ ಲೆಕ್ಕ ಬದಲಾಗುತ್ತದೆ. ತೊಡಕಿಲ್ಲದ ಅಪೆಂಡಿಕ್ಸ್ ತೆಗೆಯುವ ಆಪರೇಷನ್ನಿನಲ್ಲಿ ಸಾವು ಸಾವಿರಕ್ಕೆ ಒಂದೆರಡು, ಹಲವು ಕಡೆ ಅದಕ್ಕಿಂತಲೂ ಕಡಿಮೆ. ಒಡೆದ ಮೇಲೆ ಬಂದವರಿಗೆ ಅಪಾಯ ಹಲವು ಪಟ್ಟು ಏರುತ್ತದೆ. ಅಂಗ ಅದೇ, ಆಪರೇಷನ್ ಅದೇ. ನಡುವೆ ಬಂದಿರುವುದು ಒಂದೆರಡು ದಿನ, ಅಷ್ಟೆ.

ಈಗ ತೂತು ಬೀಳುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಜಠರ ಮುಗಿದು ಸಣ್ಣಕರುಳು ಶುರುವಾಗುವ ಜಾಗವನ್ನು ಡುಯೋಡಿನಂ ಎನ್ನುತ್ತೇವೆ. ಅಲ್ಲಿನ ಹುಣ್ಣು ಮುಂಗೋಡೆಯಲ್ಲಿ ಆಳವಾಗುತ್ತ ಹೋದರೆ ಒಂದು ಗಳಿಗೆಯಲ್ಲಿ ತೂತಾಗುತ್ತದೆ. ಹಿಂಗೋಡೆಯಲ್ಲಿ ಆಳವಾದರೆ ಅಲ್ಲಿರುವ ರಕ್ತನಾಳ ತಿಂದು ರಕ್ತ ಕಾರಿಸುತ್ತದೆ. ತೂತಾದವರು ಆ ಗಳಿಗೆಯನ್ನು ಮರೆಯುವುದೇ ಇಲ್ಲ. ‘ಯಾರೋ ಇರಿದಂತಾಯಿತು’ ಎನ್ನುತ್ತಾರೆ, ಎಷ್ಟು ಗಂಟೆ ಎಷ್ಟು ನಿಮಿಷ ಎಂದು ಹೇಳಬಲ್ಲರು. ಕೆಲವರಿಗೆ ಬಲಭುಜದ ತುದಿಯಲ್ಲೂ ನೋವು. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯಾದ ವಪೆಯ ಕೆಳಗೆ ಸೇರಿದ ಆಮ್ಲ ಅಲ್ಲಿನ ನರವನ್ನು ಕೆಣಕುತ್ತದೆ. ಆ ನರ ಹೊರಡುವುದು ಕತ್ತಿನ ಭಾಗದಿಂದ, ಭುಜದ ಚರ್ಮಕ್ಕೆ ಹೋಗುವ ನರಗಳ ಜೊತೆಯಲ್ಲೇ. ಮಿದುಳಿಗೆ ಎರಡರ ನಡುವೆ ಭೇದ ತಿಳಿಯದು.

ಹೊಟ್ಟೆ ತೆರೆದಾಗ ಮೊದಲು ಬುಸ್ಸೆಂದು ಗಾಳಿ ಹೊರಬರುತ್ತದೆ. ಎದೆಯ ಎಕ್ಸ್‌ರೇಯಲ್ಲಿ ವಪೆಯ ಕೆಳಗೆ ಕಪ್ಪು ಅರ್ಧಚಂದ್ರದಂತೆ ಕಂಡದ್ದು ಇದೇ ಗಾಳಿ. ಎಕ್ಸ್‌ರೇಯಲ್ಲಿ ಕಾಣದಿದ್ದರೆ ತೂತಿಲ್ಲ ಎಂದು ಹೇಳುವಂತಿಲ್ಲ, ನಾಲ್ಕರಲ್ಲಿ ಒಬ್ಬರಲ್ಲಿ ಅದು ಕಾಣದೇ ಇರಬಹುದು. ಆಮೇಲೆ ಪಿತ್ತದ ಬಣ್ಣಕ್ಕೆ ತಿರುಗಿದ ನೀರು, ಲೀಟರುಗಟ್ಟಲೆ. ಕರುಳುಗಳ ಮೇಲೆ ಬಿಳಿಹಳದಿ ಪದರ ಹೊದ್ದುಕೊಂಡಿರುತ್ತದೆ. ಸಕ್ಷನ್ ಪೈಪಿನಿಂದ ಎಲ್ಲವನ್ನೂ ಎಳೆದು, ಯಕೃತ್ತನ್ನು ಮೆಲ್ಲಗೆ ಮೇಲೆತ್ತಿ ಹುಡುಕಿದರೆ, ಇಷ್ಟಕ್ಕೆಲ್ಲ ಕಾರಣವಾದ ತೂತು ಎಷ್ಟೋ ಸಲ ಬಟಾಣಿ ಕಾಳಿಗಿಂತ ಚಿಕ್ಕದು. ಅಂಚು ದುಂಡಗೆ, ಗುದ್ದಲಿ ಹೊಡೆದಂತಲ್ಲ, ರಂಧ್ರ ಒತ್ತುವ ಯಂತ್ರದಲ್ಲಿ ಒತ್ತಿದಂತೆ. ಅದನ್ನು ಬರೀ ಹೊಲಿದರೆ ಊದಿದ ಅಂಗಾಂಶದಲ್ಲಿ ದಾರ ಕಿತ್ತುಬರುತ್ತದೆ. ಅದಕ್ಕೇ ಹೊಟ್ಟೆಯೊಳಗೆ ಕರುಳುಗಳ ಮುಂದೆ ಸೆರಗಿನಂತೆ ಇಳಿಬಿದ್ದಿರುವ ಕೊಬ್ಬಿನ ಪದರದ ಒಂದು ತುಂಡನ್ನು, ರಕ್ತಸಂಚಾರ ಉಳಿಸಿಕೊಂಡೇ ಎಳೆದು ತೂತಿನ ಮೇಲಿಟ್ಟು ಕಟ್ಟುತ್ತೇವೆ. 1929ರಲ್ಲಿ ಸೆಲ್ಲನ್-ಜೋನ್ಸ್, 1937ರಲ್ಲಿ ರೋಸ್ಕೋ ಗ್ರಹಾಂ ವಿವರಿಸಿದ ತಂತ್ರ ಇದು. ದುರ್ಬೀನಿನ ಮೂಲಕ ಮಾಡಿದರೂ ತೆರೆದು ಮಾಡಿದರೂ ಇವತ್ತಿಗೂ ಮಾಡುವುದು ಇದನ್ನೇ. ಆ ಕೊಬ್ಬಿನ ಸೆರಗಿನ ಮೇಲೆ ನನಗೆ ಇರುವ ಗೌರವ ಅಷ್ಟಿಷ್ಟಲ್ಲ. ಎಷ್ಟೋ ಸಲ ನಾವು ತೆರೆಯುವ ಹೊತ್ತಿಗೆ ಅದೇ ತಾನಾಗಿ ಹೋಗಿ ತೂತಿಗೆ ಅಂಟಿಕೊಂಡಿರುತ್ತದೆ.

ಹುಣ್ಣಿಗೆ ಎರಡು ಮುಖ್ಯ ಕಾರಣ. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. ಅದನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆಪರೇಷನ್ ಆದಮೇಲೆ ಇದನ್ನು ಪರೀಕ್ಷಿಸಿ ಔಷಧಿ ಕೊಡದಿದ್ದರೆ ಹುಣ್ಣು ಮರಳಿ ಬರುತ್ತದೆ, ನಮ್ಮ ಕೆಲಸ ಅರ್ಧಕ್ಕೇ ನಿಂತಂತೆ. ಇನ್ನೊಂದು ಕಾರಣ ಕೀಲುನೋವು, ಬೆನ್ನುನೋವಿಗೆ ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಜಾತಿಯವು. ಬೀಡಿ ಸಿಗರೇಟು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಈ ತೂತಿನ ಕಾಯಿಲೆಯಲ್ಲಿ ನನಗೆ ಅತಿ ಭಯ ಹುಟ್ಟಿಸುವ ಘಟ್ಟ ನೋವು ಜೋರಾದಾಗ ಬರುವುದಿಲ್ಲ, ನೋವು ಕಡಿಮೆಯಾದಾಗ ಬರುತ್ತದೆ. ಮೊದಲ ಕೆಲವು ಗಂಟೆ ಆಮ್ಲದ ಉರಿ. ಅದಕ್ಕೆ ಉತ್ತರವಾಗಿ ಉದರಪೊರೆ ನೀರು ಸುರಿಸುತ್ತದೆ, ಆಮ್ಲ ತೆಳುವಾಗುತ್ತದೆ. ರೋಗಿ ‘ಪರವಾಗಿಲ್ಲ ಈಗ’ ಎನ್ನುತ್ತಾರೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ, ಬೆಳಿಗ್ಗೆ ನೋಡಿದರಾಯಿತು ಎಂದು ಮಲಗುತ್ತಾರೆ. ಆ ಬಿಡುವಿನಲ್ಲಿ ಬ್ಯಾಕ್ಟೀರಿಯ ಬೆಳೆಯುತ್ತಿರುತ್ತವೆ. ಬೆಳಿಗ್ಗೆ ಬರುವಾಗ ನಾಡಿ ಓಡುತ್ತಿರುತ್ತದೆ, ಬಿಪಿ ಕುಸಿದಿರುತ್ತದೆ, ಕೈಕಾಲು ತಣ್ಣಗೆ, ಮೂತ್ರ ನಿಂತಿದೆ. ನಂಜು ಮೈಗೆಲ್ಲ ಏರಿರುತ್ತದೆ.

ಗಂಟೆಗಳ ಮಾತು ಬರೀ ಅನುಭವದ ಮಾತಲ್ಲ. ಡೆನ್ಮಾರ್ಕಿನಲ್ಲಿ ಹುಣ್ಣು ತೂತಾದ ರೋಗಿಗಳ ದಾಖಲೆಗಳನ್ನು ಜೋಡಿಸಿ ನೋಡಿ 2013ರಲ್ಲಿ ಪ್ರಕಟಿಸಿದರು. ಆಸ್ಪತ್ರೆಗೆ ಬಂದ ಮೇಲೆ ಆಪರೇಷನ್ ಒಂದು ಗಂಟೆ ತಡವಾದಂತೆಲ್ಲ ಬದುಕುಳಿಯುವ ಸಾಧ್ಯತೆ ಹಿಂದಿನ ಗಂಟೆಗಿಂತ ಶೇ 2.4ರಷ್ಟು ಇಳಿಯುತ್ತಿತ್ತು. ಗಮನಿಸಿ, ಇದು ಆಸ್ಪತ್ರೆಯೊಳಗಿನ ತಡ. ರೋಗಿಯ ಮನೆಯವರನ್ನು ದೂರುವ ಮೊದಲು ವೈದ್ಯರಾದ ನಾವು ನಮ್ಮ ಗಡಿಯಾರ ನೋಡಿಕೊಳ್ಳಬೇಕು. ಹಾಂಗ್‌ಕಾಂಗಿನ ಬೋಯಿ ಎಂಬ ಶಸ್ತ್ರವೈದ್ಯರು 1980ರ ದಶಕದಲ್ಲೇ ಮೂರು ಪ್ರಶ್ನೆಗಳ ಸರಳ ಲೆಕ್ಕ ಕೊಟ್ಟಿದ್ದರು. ಬಂದಾಗ ಬಿಪಿ ಕುಸಿದಿತ್ತೇ? ಬೇರೆ ದೊಡ್ಡ ಕಾಯಿಲೆ ಇದೆಯೇ? ತೂತಾಗಿ 24 ಗಂಟೆ ಮೀರಿದೆಯೇ? ಮೂರಕ್ಕೂ ಇಲ್ಲ ಎಂಬ ಉತ್ತರವಿದ್ದರೆ ಬಹುತೇಕ ಎಲ್ಲರೂ ಉಳಿಯುತ್ತಾರೆ. ಒಂದಕ್ಕೆ ಹೌದು ಎಂದರೆ ಹತ್ತರಲ್ಲಿ ಒಬ್ಬರು ಹೋಗುತ್ತಾರೆ, ಎರಡಕ್ಕೆ ಹೌದಾದರೆ ಅರ್ಧದ ಹತ್ತಿರ. ಮೂರಕ್ಕೂ ಹೌದು ಎಂದಿದ್ದವರಲ್ಲಿ ಅವರ ಆ ಕಾಲದ ಪಟ್ಟಿಯಲ್ಲಿ ಯಾರೂ ಉಳಿದಿರಲಿಲ್ಲ. ಇವತ್ತು ಐಸಿಯು ಸುಧಾರಿಸಿದೆ, ಉಳಿಯುವವರಿದ್ದಾರೆ. ಆದರೆ ಆ ಮೂರು ಪ್ರಶ್ನೆಗಳ ತೂಕ ಕಡಿಮೆಯಾಗಿಲ್ಲ.

ಕರುಳು ಕಟ್ಟಿಕೊಳ್ಳುವುದು ಇನ್ನೊಂದು ದೊಡ್ಡ ಗುಂಪು. ಅಲೆ‌ಅಲೆಯಾಗಿ ಬರುವ ನೋವು, ವಾಂತಿ, ಹೊಟ್ಟೆ ಉಬ್ಬರ, ಮಲವೂ ಇಲ್ಲ ಗಾಳಿಯೂ ಇಲ್ಲ. ಸಣ್ಣಕರುಳು ಕಟ್ಟಿಕೊಳ್ಳಲು ಆಪರೇಷನ್‌ಗಳು ಹೆಚ್ಚು ನಡೆಯುವ ಕಡೆಗಳಲ್ಲಿ ಮುಖ್ಯ ಕಾರಣ ಹಿಂದಿನ ಆಪರೇಷನ್ನಿನಿಂದ ಒಳಗೆ ಬೆಳೆದ ಅಂಟುಗಳು, ಎಳೆಎಳೆಯಾದ ಗಾಯದ ಕಲೆಗಳು. ಆಪರೇಷನ್ ಸೌಲಭ್ಯ ಸುಲಭಕ್ಕೆ ಸಿಗದ ಕಡೆ ಹರ್ನಿಯಾ ಮುಂದೆ, ಅಂದರೆ ಹೊಟ್ಟೆಗೋಡೆಯ ಸಡಿಲ ಜಾಗದಿಂದ ಕರುಳು ಹೊರಗೆ ತೂರುವುದು. ವರ್ಷಗಟ್ಟಲೆ ಒಳಗೆ ಹೊರಗೆ ಓಡಾಡಿಕೊಂಡಿದ್ದ ಗಂಟು ಒಂದು ದಿನ ಹೊರಗೇ ಸಿಕ್ಕಿಕೊಳ್ಳುತ್ತದೆ. ತೊಡೆಸಂದಿನಲ್ಲಿ ಸಣ್ಣ ನಿಂಬೆಯಷ್ಟು ಗಂಟು, ಅದನ್ನು ತೋರಿಸಿಕೊಳ್ಳಲು ಸಂಕೋಚಪಟ್ಟು ವಾಂತಿಗೆ ಮಾತ್ರ ಔಷಧಿ ಕೇಳಿದವರನ್ನು ನೋಡಿದ್ದೇನೆ. ಹೊಟ್ಟೆನೋವಿನವರ ತೊಡೆಸಂದು ನೋಡದೆ ಪರೀಕ್ಷೆ ಮುಗಿಯುವುದಿಲ್ಲ ಎಂದು ನನ್ನ ಕಿರಿಯರಿಗೆ ಇವತ್ತಿಗೂ ಹೇಳುತ್ತಿರುತ್ತೇನೆ.

ಅಂಟಿನಿಂದ ಕಟ್ಟಿಕೊಂಡದ್ದಾದರೆ ಎಲ್ಲರಿಗೂ ಚಾಕು ಬೇಡ. ಮೂಗಿನಿಂದ ಜಠರಕ್ಕೆ ಟ್ಯೂಬು ಇಳಿಸಿ ಒಳಗಿನದ್ದನ್ನು ಹೊರಗೆ ಬಿಟ್ಟು, ಡ್ರಿಪ್ ಹಾಕಿ ಕಾದರೆ ಹೆಚ್ಚಿನವರಲ್ಲಿ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಒಂದು ದ್ರವ ಕುಡಿಸಿ, ಅದು 24 ಗಂಟೆಯೊಳಗೆ ದೊಡ್ಡಕರುಳು ತಲುಪಿತೇ ಎಂದು ನೋಡುತ್ತೇವೆ. ತಲುಪಿದರೆ ದಾರಿ ತೆರೆದಿದೆ ಎಂದೇ ಅರ್ಥ. ಕಾಯುವುದಕ್ಕೂ ಮಿತಿಯಿದೆ, ಸಾಮಾನ್ಯವಾಗಿ ಮೂರು ದಿನ ಮೀರುವುದಿಲ್ಲ. ಕರುಳಿಗೆ ರಕ್ತ ನಿಂತ ಲಕ್ಷಣ ಕಂಡರೆ, ಅಂದರೆ ಅಲೆಅಲೆಯಾಗಿದ್ದ ನೋವು ಬಿಡುವಿಲ್ಲದ ನೋವಾದರೆ, ಜ್ವರ ಬಂದರೆ, ನಾಡಿ ಏರಿದರೆ, ಮೂರು ಗಂಟೆಯೂ ಕಾಯುವುದಿಲ್ಲ. ದೊಡ್ಡಕರುಳಿನ ತಡೆ ಬೇರೆ, ಅಲ್ಲಿ ಮೊದಲ ಅನುಮಾನ ಕ್ಯಾನ್ಸರ್ ಮೇಲೆ.

ಕರುಳಿಗೆ ರಕ್ತವೇ ನಿಂತುಹೋಗುವ ಕಾಯಿಲೆಯ ಬಗ್ಗೆ ಮಾತಾಡುವಾಗ ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಆಗ ನಾನಿನ್ನೂ ಕಲಿಯುತ್ತಿದ್ದೆ. ವಯಸ್ಸಾದ ಒಬ್ಬ ತಾಯಿ ಬಂದರು. ವಿಪರೀತ ನೋವು ಎನ್ನುತ್ತಿದ್ದರು, ಹೊಟ್ಟೆ ಮುಟ್ಟಿದರೆ ಮೆತ್ತಗಿತ್ತು. ಎಲ್ಲಿ ಒತ್ತಿದರೂ ಅಷ್ಟೇನೂ ನೋವಿಲ್ಲ. ನಾಡಿ ತಾಳ ತಪ್ಪಿ ಹೊಡೆಯುತ್ತಿತ್ತು, ಅದನ್ನು ಬರೆದೂ ಇಟ್ಟೆ. ಬರೆದದ್ದರ ಅರ್ಥ ಹೊಳೆಯಲಿಲ್ಲ. ಹೇಳುವ ನೋವಿಗೂ ಹೊಟ್ಟೆಗೂ ತಾಳೆಯಾಗುತ್ತಿಲ್ಲವಲ್ಲ, ಗಾಬರಿಯಿಂದ ಹೆಚ್ಚು ಮಾಡಿ ಹೇಳುತ್ತಿರಬೇಕು ಅಂದುಕೊಂಡು ಆಮ್ಲದ ಔಷಧಿ ಕೊಟ್ಟು ವಾರ್ಡಿನಲ್ಲಿ ಮಲಗಿಸಿದೆ. ತಾಳೆಯಾಗದ ಆ ನೋವೇ ಕಾಯಿಲೆಯ ಹೆಸರಾಗಿತ್ತು. ತಾಳ ತಪ್ಪಿದ ಹೃದಯದಿಂದ ರಕ್ತದ ಗಡ್ಡೆಯೊಂದು ಹೊರಟು ಕರುಳಿಗೆ ಹೋಗುವ ಮುಖ್ಯ ರಕ್ತನಾಳದಲ್ಲಿ ಕೂತಿತ್ತು. ರಕ್ತ ಪೂರ್ತಿ ನಿಂತರೆ ಸುಮಾರು ಆರು ಗಂಟೆಯಲ್ಲಿ ಕರುಳು ಮರಳಿ ಬರಲಾರದ ಸ್ಥಿತಿಗೆ ಹೋಗುತ್ತದೆ. ಹಿರಿಯರು ಹೊಟ್ಟೆ ತೆರೆದಾಗ ಸಣ್ಣಕರುಳು ಬಹುಪಾಲು ಕಪ್ಪಾಗಿತ್ತು. ಮಾಡಲು ಏನೂ ಉಳಿದಿರಲಿಲ್ಲ, ಮುಚ್ಚಿದರು. ಆ ಕಾಯಿಲೆಯಲ್ಲಿ ಇವತ್ತಿಗೂ ಅರ್ಧಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲ. ಉಳಿಯುವವರು ಹೆಚ್ಚಾಗಿ ಕಾಯಿಲೆ ಬೇಗ ಗೊತ್ತಾಗಿ ರಕ್ತನಾಳದಿಂದ ಗಡ್ಡೆ ತೆಗೆಸಿಕೊಂಡವರೇ. ರೋಗಿ ಹೇಳುವ ನೋವನ್ನು ನನ್ನ ಬೆರಳಿಗಿಂತ ಹೆಚ್ಚು ನಂಬಲು ಕಲಿತದ್ದು ಅಂದು.

ಇನ್ನು ಕೆಲವನ್ನು ಬೇಗ ದಾಟುತ್ತೇನೆ. ಪಿತ್ತಕೋಶದ ಉರಿಯೂತಕ್ಕೆ ಮೊದಲೆಲ್ಲ ಆರು ವಾರ ತಣಿಯಲು ಬಿಟ್ಟು ಆಮೇಲೆ ಆಪರೇಷನ್ ಮಾಡುತ್ತಿದ್ದೆವು. ಈಗ ಸಾಧ್ಯವಾದರೆ ಅದೇ ಸಲ, ಮೊದಲ ಕೆಲವು ದಿನಗಳಲ್ಲೇ ತೆಗೆಯುತ್ತೇವೆ. ಮೇದೋಜೀರಕ ಗ್ರಂಥಿ ಊದಿಕೊಂಡರೆ ಅವಸರದ ಚಾಕು ಕೇಡು ಮಾಡುತ್ತದೆ. ಐವರಲ್ಲಿ ನಾಲ್ವರು ಡ್ರಿಪ್, ನೋವಿನ ಔಷಧಿಯಲ್ಲೇ ಗುಣವಾಗುತ್ತಾರೆ. ಕೊಳೆತು ಸೋಂಕಾದವರಲ್ಲೂ ಮೊದಲು ಸಣ್ಣ ಟ್ಯೂಬಿನಿಂದ ಕೀವು ಬಿಟ್ಟು ಹಂತಹಂತವಾಗಿ ಮುಂದುವರಿಯುವುದೇ ಮೇಲು ಎಂದು 2010ರ ನೆದರ್ಲೆಂಡ್ಸ್ ಪ್ರಯೋಗ ತೋರಿಸಿತು. ಮಕ್ಕಳಾಗುವ ವಯಸ್ಸಿನ ಹೆಂಗಸಿಗೆ ಹೊಟ್ಟೆನೋವು ಎಂದರೆ ಗರ್ಭ ಪರೀಕ್ಷೆ ಆಗಲೇಬೇಕು, ‘ಸಾಧ್ಯವೇ ಇಲ್ಲ’ ಎಂದು ಅವರೇ ಹೇಳಿದರೂ. ಗರ್ಭನಾಳದಲ್ಲಿ ಕೂತ ಗರ್ಭ ಒಡೆದರೆ ಹೊಟ್ಟೆಯೊಳಗೇ ರಕ್ತ ಸುರಿದು ತಲೆಸುತ್ತಿ ಬೀಳುತ್ತಾರೆ. ಹೊಟ್ಟೆಯದ್ದೇ ಅಲ್ಲದ ಹೊಟ್ಟೆನೋವೂ ಇದೆ. ಹೃದಯಾಘಾತ, ಶ್ವಾಸಕೋಶದ ಕೆಳಭಾಗದ ನ್ಯುಮೋನಿಯಾ, ಸಕ್ಕರೆ ವಿಪರೀತ ಏರಿ ರಕ್ತ ಆಮ್ಲೀಯವಾಗುವುದು, ಇವು ಮೇಲುಹೊಟ್ಟೆಯ ನೋವಾಗಿ ಬರಬಹುದು. ಹಾಗಾಗಿಯೇ ಹೊಟ್ಟೆನೋವಿಗೆ ಬಂದವರಿಗೂ ಇಸಿಜಿ ಮಾಡುತ್ತೇವೆ.

ಆಪರೇಷನ್‌ಗೆ ಮೊದಲು ಏನಾಗುತ್ತದೆ ಎಂಬುದು ಹೊರಗೆ ಕಾದು ಕೂತವರಿಗೆ ಕಾಣುವುದಿಲ್ಲ, ಯಾಕಿಷ್ಟು ತಡ ಎಂದು ಸಂಕಟಪಡುತ್ತಾರೆ. ಬತ್ತಿಹೋದ ಮೈಗೆ ಅರಿವಳಿಕೆ ಕೊಟ್ಟರೆ ಬಿಪಿ ನೆಲಕಚ್ಚುತ್ತದೆ. ಅದಕ್ಕೆ ಮೊದಲು ದ್ರವ ತುಂಬಬೇಕು. ನಂಜು ಏರಿದ್ದರೆ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಸೇರಬೇಕು. ಆದರೆ ಮೈ ಪೂರ್ತಿ ಸುಧಾರಿಸಲಿ ಎಂದು ಕಾಯುತ್ತ ಕೂರುವಂತೆಯೂ ಇಲ್ಲ, ಸೋರುವ ತೂತು ಮುಚ್ಚದೆ ಅದು ಸುಧಾರಿಸುವುದೇ ಇಲ್ಲ. ಈ ಎರಡರ ನಡುವೆ ಗಳಿಗೆ ಹಿಡಿಯುವುದು ಶಸ್ತ್ರವೈದ್ಯ, ಅರಿವಳಿಕೆ ವೈದ್ಯ ಇಬ್ಬರೂ ಕೂಡಿ ಮಾಡುವ ಕೆಲಸ. ಕೆಲವೊಮ್ಮೆ ರೋಗಿ ಟೇಬಲ್ ಮೇಲೇ ಕೈಬಿಡುವ ಸ್ಥಿತಿಯಲ್ಲಿರುತ್ತಾರೆ. ಆಗ ಸತ್ತ ಕರುಳು ಕತ್ತರಿಸಿ, ತುದಿಗಳನ್ನು ಹಾಗೇ ಮುಚ್ಚಿ, ಹೊಟ್ಟೆ ಹೊಲಿಯದೆ ತಾತ್ಕಾಲಿಕ ಹೊದಿಕೆ ಹಾಕಿ ಐಸಿಯುಗೆ ಕಳಿಸುತ್ತೇವೆ. ಒಂದೆರಡು ದಿನದಲ್ಲಿ ಮೈ ಬಿಸಿಯಾಗಿ, ರಕ್ತ ಹೆಪ್ಪುಗಟ್ಟುವ ಶಕ್ತಿ ಮರಳಿದ ಮೇಲೆ ಜೋಡಿಸುತ್ತೇವೆ. ‘ಹೊಟ್ಟೆ ತೆರೆದೇ ಬಿಟ್ಟಿದ್ದಾರಂತೆ’ ಎಂದು ಮನೆಯವರು ಅಳುತ್ತಾರೆ. ಅವರ ಜೊತೆ ಕೂತು ವಿವರಿಸುವ ಹತ್ತು ನಿಮಿಷವೂ ಚಿಕಿತ್ಸೆಯ ಭಾಗವೇ ಎಂದು ನಾನು ನಂಬಿದ್ದೇನೆ.

ಫಲಿತಾಂಶದ ಅಂಕಿಗಳನ್ನು ಮುಚ್ಚಿಡದೆ ಹೇಳುತ್ತೇನೆ. ತುರ್ತಾಗಿ ಹೊಟ್ಟೆ ತೆರೆಯುವ ದೊಡ್ಡ ಆಪರೇಷನ್‌ಗಳನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2013ರ ಕೊನೆಯಿಂದ ಒಂದೊಂದಾಗಿ ದಾಖಲಿಸುತ್ತಿದ್ದಾರೆ. ಮೊದಲ ವರ್ಷ 30 ದಿನಗಳೊಳಗಿನ ಸಾವು ಸುಮಾರು ಶೇ 11.8 ಇತ್ತು. ಬರುತ್ತಬರುತ್ತ ಶೇ 9ರ ಆಸುಪಾಸಿಗೆ ಇಳಿಯಿತು. ಹೊಸ ಔಷಧಿಯೊಂದು ಬಂದು ಇದಾಗಲಿಲ್ಲ. ಸ್ಕ್ಯಾನ್ ಬೇಗ, ಅಪಾಯದ ಲೆಕ್ಕ ಮೊದಲೇ, ಥಿಯೇಟರಿನಲ್ಲಿ ಹಿರಿಯ ವೈದ್ಯರು, ಆಮೇಲೆ ಐಸಿಯುನಲ್ಲಿ ಹಾಸಿಗೆ, ಇಂಥವನ್ನೇ ಎಣಿಸುತ್ತ, ತಮ್ಮ ಅಂಕಿ ತಾವೇ ನೋಡುತ್ತ ಬಂದದ್ದು ಅಲ್ಲಿನ ಆಸ್ಪತ್ರೆಗಳು. 2016ರಲ್ಲಿ 58 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಹೋಲಿಸಿದ ಅಧ್ಯಯನ ಪ್ರಕಟವಾಯಿತು. ರೋಗಿಯ ಸ್ಥಿತಿಯ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ತುರ್ತು ಹೊಟ್ಟೆಯ ಆಪರೇಷನ್ ಆದವರು ಸಾಯುವ ಸಾಧ್ಯತೆ ಹಿಂದುಳಿದ ದೇಶಗಳಲ್ಲಿ ಮುಂದುವರಿದ ದೇಶಗಳಿಗಿಂತ ಸುಮಾರು ಮೂರು ಪಟ್ಟು. ಹುಣ್ಣು ಅದೇ, ತೂತು ಅದೇ, ಮನುಷ್ಯನೂ ಅದೇ. ಈ ಅಂಕಿ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2015ರಲ್ಲಿ ಹೇಳಿದಂತೆ, ಬೇಕಾದಾಗ ಸುರಕ್ಷಿತ, ಕೈಗೆಟಕುವ ಶಸ್ತ್ರಚಿಕಿತ್ಸೆ ಸಿಗದವರು ಜಗತ್ತಿನಲ್ಲಿ 500 ಕೋಟಿ ಜನ. ಹೊಟ್ಟೆ ತೆರೆಯುವ ಆಪರೇಷನ್ ಎರಡು ಗಂಟೆಯ ದಾರಿಯೊಳಗೆ ಸಿಗಬೇಕು ಎಂಬುದು ಅವರ ಅಳತೆಗೋಲು.

ಬದುಕಿದರು ಎಂದರೆ ಕಥೆ ಮುಗಿಯಲಿಲ್ಲ. ಹೊಟ್ಟೆಯ ಗಾಯ ಕೀವಾಗಬಹುದು, ಜೋಡಿಸಿದ ಕರುಳು ಸೋರಬಹುದು, ವರ್ಷದ ಮೇಲೆ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಬರಬಹುದು. ಕೆಲವರ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸಿರುತ್ತೇವೆ, ಸ್ಟೋಮಾ ಎಂದು. ಎದ್ದ ತಕ್ಷಣ ಅದನ್ನು ನೋಡಿ ಮುಖ ತಿರುಗಿಸಿಕೊಂಡವರು ಎಷ್ಟೋ ಜನ. ಮುಂಚೆಯೇ ಹೇಳಿ, ಪೆನ್ನಿನಿಂದ ಹೊಟ್ಟೆಯ ಮೇಲೆ ಜಾಗ ಗುರುತು ಹಾಕಿ ತೋರಿಸಿದರೆ ಆ ಆಘಾತ ಅರ್ಧವಾಗುತ್ತದೆ. ತುಂಬಾ ವಯಸ್ಸಾಗಿ, ಮೊದಲೇ ಕೃಶರಾಗಿದ್ದವರಲ್ಲಿ ಪ್ರಶ್ನೆ ಬೇರೆಯೇ ಆಗುತ್ತದೆ. ಉಳಿದರೂ ಮೊದಲಿನಂತೆ ತಮ್ಮ ಕೆಲಸ ತಾವು ಮಾಡಿಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಆಪರೇಷನ್ ಬೇಡ, ನೋವಿಲ್ಲದಂತೆ ನೋಡಿಕೊಳ್ಳಿ ಎಂದು ಪೂರ್ಣ ಎಚ್ಚರದಲ್ಲಿ ಹೇಳಿದ ಹಿರಿಯರಿದ್ದಾರೆ. ಅದನ್ನು ಸೋಲೆಂದು ನಾನು ಬರೆದುಕೊಳ್ಳುವುದಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಹಿರಿಯರು ಎದ್ದು ಕೇಳಿದರು: ನೋವಿನ ಔಷಧಿ ಕೊಟ್ಟರೆ ಕಾಯಿಲೆ ಮರೆಯಾಗುತ್ತದೆ, ಡಾಕ್ಟರು ನೋಡುವವರೆಗೆ ಕೊಡಬಾರದು ಎನ್ನುತ್ತಾರಲ್ಲ? ಹಳೆಯ ಕಾಲದಲ್ಲಿ ನಮಗೂ ಹಾಗೇ ಕಲಿಸಿದ್ದರು. ಆಸ್ಪತ್ರೆಯಲ್ಲಿ ಮಾರ್ಫೀನ್ ಕೊಟ್ಟು, ಕೊಡದೆ ಹೋಲಿಸಿದ ಹಲವು ಪ್ರಯೋಗಗಳು ನಡೆದಿವೆ. ರೋಗ ಗುರುತಿಸುವುದಕ್ಕೆ ಅಡ್ಡಿಯಾಗಿಲ್ಲ, ನೋವು ಕಡಿಮೆಯಾದ ರೋಗಿಯನ್ನು ಪರೀಕ್ಷಿಸುವುದು ಸುಲಭವೂ ಹೌದು. ಆಸ್ಪತ್ರೆಗೆ ಬಂದವರನ್ನು ನೋವಿನಲ್ಲಿ ಬಿಡಲು ಈಗ ಯಾವ ನೆಪವೂ ಇಲ್ಲ. ಮನೆಯಲ್ಲಿ ಮಾತ್ರೆ ಮೇಲೆ ಮಾತ್ರೆ ನುಂಗಿ ರಾತ್ರಿ ಕಳೆಯುವುದು ಬೇರೆ ವಿಷಯ, ಅದು ಬೇಡ.

ಇನ್ನೊಬ್ಬರು, ಯುವತಿ, ಕೇಳಿದರು: ಯಾವಾಗ ಹೊರಡಬೇಕು ಸರ್, ಪ್ರತಿ ಹೊಟ್ಟೆನೋವಿಗೂ ಓಡಿಬರಲು ಆಗುತ್ತದೆಯೇ? ಚೆನ್ನಾಗಿದ್ದವರಿಗೆ ಬಂದ ಜೋರಾದ ನೋವು ಆರು ಗಂಟೆಯಾದರೂ ಬಿಡದಿದ್ದರೆ ಮನೆಯಲ್ಲಿ ಇರಬೇಡಿ. ಕೆಲವಕ್ಕೆ ಆರು ಗಂಟೆಯೂ ಬೇಡ. ಇರಿದಂತೆ ಒಮ್ಮೆಗೇ ಬಂದ ನೋವು, ಹೊಟ್ಟೆ ಗಟ್ಟಿಯಾಗುವುದು, ಹಸಿರು ವಾಂತಿ, ಮಲ ಗಾಳಿ ಎರಡೂ ನಿಲ್ಲುವುದು, ತಲೆಸುತ್ತಿ ಬೀಳುವುದು, ಒಳಗೆ ಹೋಗದೆ ನೋಯುತ್ತಿರುವ ಹರ್ನಿಯಾ ಗಂಟು, ಗರ್ಭಿಣಿಯ ಹೊಟ್ಟೆನೋವು. ಹೊರಡುವಾಗ ಏನೂ ತಿನ್ನಿಸಬೇಡಿ, ಕುಡಿಸಬೇಡಿ. ನುಂಗುವ ಮಾತ್ರೆಗಳ ಪಟ್ಟಿಗಿಂತ ಮಾತ್ರೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಬನ್ನಿ, ರಕ್ತ ತೆಳು ಮಾಡುವ ಮಾತ್ರೆಯಿದ್ದರೆ ಮೊದಲ ಮಾತಿನಲ್ಲೇ ಹೇಳಿ. ನೋವು ಎಷ್ಟು ಗಂಟೆಗೆ ಶುರುವಾಯಿತು ಎಂದು ಬರೆದಿಟ್ಟುಕೊಳ್ಳಿ. ಒಮ್ಮೆ ಒಬ್ಬ ಮಗಳು ತಂದೆಯನ್ನು ಕರೆತಂದಾಗ ಅಂಗೈ ತೋರಿಸಿದರು. ನೀಲಿ ಇಂಕಿನಲ್ಲಿ 2.40 ಎಂದು ಬರೆದುಕೊಂಡಿದ್ದರು, ಬೆವರಿಗೆ ಅರ್ಧ ಅಳಿಸಿತ್ತು. ನಾವು ಗೋಡೆಯ ಗಡಿಯಾರ ನೋಡಿದೆವು, ಐದು ಕಾಲು ಆಗಿತ್ತು. ಸ್ಕ್ಯಾನ್ ರೂಮಿಗೂ ಥಿಯೇಟರಿಗೂ ಒಟ್ಟಿಗೇ ಫೋನ್ ಮಾಡಿದೆವು.